ನಮ್ಮ ಮನೆಯ ಕೆಲಸಕ್ಕೆ ಯಾರ ಕೈ?

ನಲ್ಲಿ ಸೋರತೊಡಗಿದರೆ ಪ್ಲಂಬರ್, ಬಾಗಿಲ ತಿರುಪು ಸಡಿಲವಾದರೆ ಬಡಗಿ, ಹಿತ್ತಿಲಲ್ಲಿ ಕಳೆ ಎದ್ದರೆ ಕೂಲಿಯಾಳು, ಕಕ್ಕಸಿನ ಗುಂಡಿ ತುಂಬಿದರೆ ಹೆಸರು ಕೇಳಲೂ ಇಷ್ಟಪಡದ ಇನ್ನೊಬ್ಬ. ನಮ್ಮ ಮಧ್ಯಮ ವರ್ಗದ ಮನೆಗಳು ನಡೆಯುವುದೇ ಹೀಗೆ. ಓದು ಹೆಚ್ಚಿದಂತೆ ಗುದ್ದಲಿ, ಸುತ್ತಿಗೆ, ಗರಗಸಗಳು ಮನೆಯಿಂದ ಹೊರಗೆ ಹೋದವು. ಮಗ ಗೋಡೆಗೆ ಒಂದು ಮೊಳೆ ಹೊಡೆಯಲು ಹೊರಟರೆ, 'ನಿನಗೇಕೆ ಆ ಕೆಲಸ, ಓದಿಕೋ ಹೋಗು' ಎನ್ನುವ ತಾಯ್ತಂದೆಯರೇ ಹೆಚ್ಚು. ಇದು ಬರೀ ಸೋಮಾರಿತನದ ಮಾತಲ್ಲ. ಯಾವ ಕೆಲಸವನ್ನು ಯಾರ ಕೈ ಮಾಡಬೇಕು ಎಂಬುದನ್ನು ಈ ನೆಲದಲ್ಲಿ ಬಹಳ ಹಿಂದೆಯೇ ಹಂಚಿಡಲಾಗಿದೆ. ಆ ಹಂಚಿಕೆಯನ್ನು ಪ್ರಶ್ನಿಸಿದ ಪ್ರಯತ್ನಗಳೂ ಆಗಾಗ ನಡೆದಿವೆ. ಅವುಗಳಲ್ಲಿ ಒಂದನ್ನು ಇಲ್ಲಿ ನೆನಪಿಸಿಕೊಳ್ಳಬೇಕೆನಿಸುತ್ತದೆ.

ಅದಕ್ಕೆ ಮೊದಲು ನಮ್ಮ ಪರಂಪರೆಯ ಕಡೆಗೆ ಒಂದು ನೋಟ ಹರಿಸುವುದು ಒಳ್ಳೆಯದು. ಪ್ರವಾದಿ ಮುಹಮ್ಮದರು (ಸ) ಮನೆಯಲ್ಲಿರುವಾಗ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಯಿಶಾ (ರ) ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ತಮ್ಮ ಚಪ್ಪಲಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು, ಬಟ್ಟೆಗೆ ತೇಪೆ ಹಾಕುತ್ತಿದ್ದರು ಎಂಬುದು ಅದರ ಸಾರ. ಕ್ರಿ.ಶ. 622ರಲ್ಲಿ ಮದೀನಾದಲ್ಲಿ ಮಸೀದಿ ಕಟ್ಟುವಾಗ ಅನುಚರರ ಜೊತೆ ಅವರೂ ಇಟ್ಟಿಗೆ ಹೊತ್ತರು. 627ರಲ್ಲಿ ಪಟ್ಟಣದ ರಕ್ಷಣೆಗೆ ಕಂದಕ ತೋಡುವಾಗ ಅವರೂ ಮಣ್ಣು ಹೊತ್ತರು. ಆ ಕಂದಕದ ಸಲಹೆ ಕೊಟ್ಟವರು ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಪರ್ಷಿಯಾದ ಸಲ್ಮಾನ್ (ರ). ದುಡಿದು ತಿನ್ನುವವನ ಅನ್ನಕ್ಕಿಂತ ಉತ್ತಮ ಅನ್ನವಿಲ್ಲವೆಂದೂ ಪ್ರವಾದಿ ದಾವೂದರು (ಅ) ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರೆಂದೂ ಹದೀಸ್ ಹೇಳುತ್ತದೆ.

ಕನ್ನಡ ನಾಡಿನಲ್ಲಿಯೂ ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಧರ್ಮದ ನಡುವೆಯೇ ಇಟ್ಟರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರೆಲ್ಲರ ಹೆಸರಿನಲ್ಲಿಯೇ ಅವರ ಕೆಲಸ ನಿಂತಿದೆ. ಆದರೆ ಹದೀಸನ್ನು ನಾವು ಪ್ರವಚನದಲ್ಲಿ ಕೇಳುತ್ತೇವೆ, ವಚನವನ್ನು ವೇದಿಕೆಯ ಮೇಲೆ ಹಾಡುತ್ತೇವೆ. ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡಲು, ಕಸ ಗುಡಿಸಲು ಬೇರೆಯವರು ಬರುತ್ತಾರೆ. ಈ ಅಂತರವನ್ನು ಬದುಕಿನಲ್ಲಿ ದಾಟಲು ಹೊರಟವರಲ್ಲಿ ಬ್ಯಾರಿಸ್ಟರ್ ಮೋಹನದಾಸ ಗಾಂಧಿಯೂ ಒಬ್ಬರು.

ಗಾಂಧೀಜಿ ಈ ಹಾದಿ ಹಿಡಿದದ್ದು ಯಾವುದೋ ಮಹಾ ತತ್ವಜ್ಞಾನದಿಂದಲ್ಲ, ಒಂದು ಕ್ಷೌರದಂಗಡಿಯಿಂದ. ಪ್ರಿಟೋರಿಯಾದಲ್ಲಿ ಇಂಗ್ಲಿಷ್ ಕ್ಷೌರಿಕನೊಬ್ಬ ಇವರ ಕೂದಲು ಮುಟ್ಟಲು ತಿರಸ್ಕಾರದಿಂದ ನಿರಾಕರಿಸಿದ. ಗಾಂಧೀಜಿ ಕತ್ತರಿಸುವ ಯಂತ್ರವೊಂದನ್ನು ಕೊಂಡು ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂದಿನ ಕೂದಲು ಹೇಗೋ ಆಯಿತು, ಹಿಂದಿನದು ಕೆಟ್ಟಿತು. ನ್ಯಾಯಾಲಯದಲ್ಲಿ ಗೆಳೆಯರು, ಇಲಿ ಕಡಿದಿದೆಯೇ ಎಂದು ನಕ್ಕರು. ಅಗಸರ ಖರ್ಚು ಹೆಚ್ಚಾಯಿತೆಂದು ಬಟ್ಟೆ ಒಗೆಯುವುದನ್ನೂ ಪುಸ್ತಕ ಓದಿ ಕಲಿತರು. ಮೊದಲ ಸಲ ಗಂಜಿ ಹಾಕಿದ ಕಾಲರಿನಿಂದ ಕೋರ್ಟಿನಲ್ಲೇ ಗಂಜಿ ಉದುರತೊಡಗಿತು. ಈ ತಮಾಷೆಯ ಪ್ರಸಂಗಗಳ ನಡುವೆ ಆತ್ಮಕಥೆಯಲ್ಲಿ ಅವರು ಗಂಭೀರವಾದ ಒಂದು ವಿಚಾರವನ್ನು ಹೇಳಿದ್ದಾರೆ. ಆ ಕ್ಷೌರಿಕನ ಮೇಲೆ ಅವರಿಗೆ ಕೋಪ ಬರಲಿಲ್ಲ. ಕರಿಯರಿಗೆ ಕ್ಷೌರ ಮಾಡಿದರೆ ಅವನು ಬಿಳಿಯ ಗಿರಾಕಿಗಳನ್ನು ಕಳೆದುಕೊಳ್ಳುತ್ತಿದ್ದ. ನಮ್ಮ ದೇಶದಲ್ಲಿ ನಮ್ಮ ಕ್ಷೌರಿಕರು ಅಸ್ಪೃಶ್ಯರಿಗೆ ಕ್ಷೌರ ಮಾಡಲು ನಾವೇ ಬಿಡುವುದಿಲ್ಲವಲ್ಲ! ಆ ಪಾಪದ ಫಲವೇ ಇದು ಎಂದು ಅವರು ತಿಳಿದರು.

ಹಾಗೆಂದು ಈ ಕಥೆ ಬರೀ ಸಜ್ಜನಿಕೆಯ ಕಥೆಯಲ್ಲ. 1898ರಲ್ಲಿ ಡರ್ಬನ್ನಿನ ಮನೆಯಲ್ಲಿ ಕೊಠಡಿಗಳಿಗೆ ನೀರು ಹೋಗುವ ಮೋರಿಯಿರಲಿಲ್ಲ, ಮೂತ್ರದ ಪಾತ್ರೆಗಳನ್ನಿಡಬೇಕಿತ್ತು. ಜೊತೆಯಲ್ಲಿ ವಾಸಿಸುತ್ತಿದ್ದ ಗುಮಾಸ್ತರಲ್ಲಿ ಹೊಸದಾಗಿ ಬಂದವನೊಬ್ಬ ಪಂಚಮ ತಾಯ್ತಂದೆಯರಿಗೆ ಹುಟ್ಟಿದ ಕ್ರೈಸ್ತ. ಅವನ ಪಾತ್ರೆಯನ್ನು ಕಸ್ತೂರಬಾ ಅಳುತ್ತಾ ಎತ್ತಿಕೊಂಡು ಹೋದಾಗ, ನಗುನಗುತ್ತಾ ಮಾಡಬೇಕೆಂದು ಗಾಂಧೀಜಿ ಗದರಿದರು. ಮಾತಿಗೆ ಮಾತು ಬೆಳೆದು ಆಕೆಯ ಕೈ ಹಿಡಿದೆಳೆದು ಗೇಟಿನಿಂದಾಚೆ ನೂಕಲು ಹೋದರು. ಪರದೇಶದಲ್ಲಿ ನಾನು ಎಲ್ಲಿಗೆ ಹೋಗಲಿ, ನಿಮಗೆ ನಾಚಿಕೆಯಿಲ್ಲವೇ ಎಂದು ಆಕೆ ಕೇಳಿದ ಮೇಲೆಯೇ ಅವರಿಗೆ ಎಚ್ಚರವಾದದ್ದು. ಗಂಡಸು 'ನಮ್ಮ ಕೆಲಸ ನಾವೇ ಮಾಡಿಕೊಳ್ಳೋಣ' ಎಂದಾಗ ಆ 'ನಾವು' ಎಂಬುದರಲ್ಲಿ ಹೆಂಡತಿಯ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಅಂದಿನದು ಮಾತ್ರವಲ್ಲ. ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡುವ ಎಷ್ಟೋ ಮನೆಗಳಲ್ಲಿ ಆ ಸ್ವಾವಲಂಬನೆ ನಿಂತಿರುವುದು ಹೆಣ್ಣಿನ ರೆಟ್ಟೆಯ ಮೇಲೆ.

1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಿಖಾನೆಗಳು ಗಬ್ಬೆದ್ದಿದ್ದವು. ಸ್ವಯಂಸೇವಕರಿಗೆ ತೋರಿಸಿದರೆ, ಅದು ಭಂಗಿಯ ಕೆಲಸ ಎಂದರು. ಪೊರಕೆ ಹುಡುಕಿ ತರುವುದೇ ಕಷ್ಟವಾಯಿತು. ಕೊನೆಗೆ ಗಾಂಧೀಜಿ ತಾವೇ ಗುಡಿಸಿದರು. ದೇಶದ ಹಿತವನ್ನು ಚರ್ಚಿಸಲು ಸೇರಿದ್ದ ವಿದ್ಯಾವಂತರಿಗೆ ತಮ್ಮ ಹೊಲಸನ್ನು ತಾವು ತೆಗೆಯಬಹುದೆಂಬುದು ಹೊಳೆದಿರಲಿಲ್ಲ.

ಈ ಎಲ್ಲ ಪ್ರಯೋಗಗಳೂ ಒಂದು ಸಮುದಾಯದ ಬಾಳುವೆಯಾಗಿ ರೂಪುಗೊಂಡದ್ದು ಟ್ರಾನ್ಸ್‌ವಾಲಿನ ಟಾಲ್‌ಸ್ಟಾಯ್ ಫಾರ್ಮಿನಲ್ಲಿ. ಏಷ್ಯನ್ನರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಾಯ್ದೆಯ ವಿರುದ್ಧ ಅಲ್ಲಿ ಚಳವಳಿ ನಡೆದಿತ್ತು. ಇದರಲ್ಲಿ ಮುಸ್ಲಿಮರ ಪಾಲನ್ನು ಮರೆಯುವಂತಿಲ್ಲ. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ದೇವರ ಸಾಕ್ಷಿಯಾಗಿ ಪ್ರತಿಜ್ಞೆ ಮಾಡೋಣವೆಂದವರು ಹಾಜಿ ಹಬೀಬ್. 1908ರ ಆಗಸ್ಟ್ 16ರಂದು ನೋಂದಣಿ ಪತ್ರಗಳನ್ನು ಸುಟ್ಟದ್ದು ಹಮೀದಿಯಾ ಮಸೀದಿಯ ಆವರಣದಲ್ಲಿ. ಅಹ್ಮದ್ ಮುಹಮ್ಮದ್ ಕಾಛಲಿಯಾ ತಮ್ಮ ವ್ಯಾಪಾರವನ್ನೇ ಕಳೆದುಕೊಂಡರೂ ಹಿಂದೆ ಸರಿಯಲಿಲ್ಲ. ಹೋರಾಟ ವರ್ಷಗಟ್ಟಲೆ ಎಳೆದಾಗ ಜೈಲಿಗೆ ಹೋದವರ ಹೆಂಡತಿ ಮಕ್ಕಳನ್ನು ಸಾಕುವುದು ಹೇಗೆಂಬ ಸಮಸ್ಯೆ ಬಂತು. ತಿಂಗಳು ತಿಂಗಳು ಹಣ ಹಂಚಿದರೆ ನಿಧಿ ಬರಿದಾಗುತ್ತಿತ್ತು, ಯಾರಿಗೆ ಎಷ್ಟು ಎಂಬ ತಕರಾರೂ ಏಳುತ್ತಿತ್ತು. ಎಲ್ಲ ಕುಟುಂಬಗಳೂ ಒಂದೆಡೆ ದುಡಿದು ಬದುಕುವುದೊಂದೇ ದಾರಿ ಎನಿಸಿತು. ಇಂದಿನ ಲಿಥುವೇನಿಯಾದಲ್ಲಿ ಹುಟ್ಟಿ, ಜರ್ಮನಿಯಲ್ಲಿ ವಾಸ್ತುಶಿಲ್ಪ ಕಲಿತಿದ್ದ ಯೆಹೂದಿ ಗೆಳೆಯ ಹರ್ಮನ್ ಕಾಲೆನ್‌ಬಾಕ್ 1910ರ ಮೇ 30ರಂದು ಸುಮಾರು 1,100 ಎಕರೆಯ ತೋಟವನ್ನು ಕೊಂಡು, ಬಾಡಿಗೆಯಿಲ್ಲದೆ ಸತ್ಯಾಗ್ರಹಿಗಳಿಗೆ ಬಿಟ್ಟುಕೊಟ್ಟರು.

ಅಲ್ಲಿ ಹತ್ತಿರ ಹತ್ತಿರ ಸಾವಿರ ಹಣ್ಣಿನ ಮರಗಳು, ಎರಡು ಬಾವಿ, ಒಂದು ಊಟೆ, ಐದಾರು ಜನ ಹಿಡಿಸುವ ಒಂದು ಮನೆ ಇದ್ದವು. ಜೋಹಾನ್ಸ್‌ಬರ್ಗ್ 21 ಮೈಲಿ ದೂರ. ಬಂದವರಲ್ಲಿ ಗುಜರಾತಿಗಳು, ತಮಿಳರು, ತೆಲುಗರು, ಉತ್ತರ ಭಾರತದವರು, ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತರು ಎಲ್ಲರೂ ಇದ್ದರು. ಅಡುಗೆಯಿಂದ ಹಿಡಿದು ಮಲದ ಗುಂಡಿಯವರೆಗೆ ಯಾವ ಕೆಲಸಕ್ಕೂ ಮನೆಯಾಳುಗಳನ್ನು ಇಟ್ಟುಕೊಳ್ಳಬಾರದೆಂಬುದು ನಿಯಮವಾಯಿತು. ಹತ್ತು ಹೆಂಗಸರಿಗೆ ಒಂದು, ಅರವತ್ತು ಗಂಡಸರಿಗೆ ಒಂದು ಎಂದು ತಗಡಿನ ಮನೆಗಳೆದ್ದವು. ಶಾಲೆಗೆ, ಬಡಗಿ ಮತ್ತು ಚಪ್ಪಲಿ ಕೆಲಸಕ್ಕೆ ಬೇರೆ ಕಟ್ಟಡವಾಯಿತು. ಎಲ್ಲವನ್ನೂ ತಾವೇ ಬಲ್ಲೆವೆಂಬ ಹಮ್ಮು ಅವರಿಗಿರಲಿಲ್ಲ. ಗಾರೆ ಕೆಲಸಕ್ಕೆ ಒಬ್ಬ ಐರೋಪ್ಯ ಮೇಸ್ತ್ರಿಯನ್ನು ಗೊತ್ತುಮಾಡಿದರು. ನಾರಾಯಣದಾಸ ದಮಾನಿಯಾ ಎಂಬ ಗುಜರಾತಿ ಬಡಗಿ ಸಂಬಳವಿಲ್ಲದೆ ಬಂದ. ಬ್ಯಾರಿಸ್ಟರರೂ ವ್ಯಾಪಾರಿಗಳೂ ಅವರ ಕೈಕೆಳಗೆ ಆಳುಗಳಾಗಿ ದುಡಿದರು.

ಕಾಲೆನ್‌ಬಾಕ್ ಟ್ರಾಪಿಸ್ಟ್ ಸಂನ್ಯಾಸಿಗಳ ಮರಿಯನ್‌ಹಿಲ್ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯಿಂದ ಉಳಿದವರು. ವೈಶ್ಯ ಕುಲದಲ್ಲಿ ಹುಟ್ಟಿದವನೊಬ್ಬ ಚರ್ಮ ಮುಟ್ಟಿ ಚಪ್ಪಲಿ ಹೊಲಿದನೆಂಬುದು ನಮ್ಮ ಸಮಾಜದಲ್ಲಿ ಸಣ್ಣ ಸಂಗತಿಯಲ್ಲ. ಮುಂದೆ ಸೆರೆಮನೆಯಲ್ಲಿ ತಾವೇ ಹೊಲಿದ ಒಂದು ಜೊತೆ ಚಪ್ಪಲಿಯನ್ನು ಅವರು ತಮ್ಮ ಎದುರಾಳಿ ಜನರಲ್ ಸ್ಮಟ್ಸ್‌ಗೆ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆಗಳಲ್ಲಿ ತೊಟ್ಟು, 1939ರಲ್ಲಿ ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಮರಳಿಸಿದರು.

ತೋಟದ ಶುಚಿತ್ವದ ವಿವರಗಳು ಇಂದಿಗೂ ಉಪಯುಕ್ತ. ಕಸವನ್ನು ಅಗೆದ ಕಂದಕದಲ್ಲಿ ಮುಚ್ಚುತ್ತಿದ್ದರು. ಬಳಸಿದ ನೀರನ್ನು ದಾರಿಗೆ ಚೆಲ್ಲದೆ ಬಕೆಟ್ಟಿನಲ್ಲಿ ಹಿಡಿದು ಮರಗಳಿಗೆ ಹಾಕುತ್ತಿದ್ದರು. ಊಟದ ಉಳಿಕೆ, ತರಕಾರಿ ಸಿಪ್ಪೆ ಗೊಬ್ಬರವಾಗುತ್ತಿತ್ತು. ಮನೆಯ ಹತ್ತಿರ ಒಂದೂವರೆ ಅಡಿ ಆಳದ ಚೌಕ ಗುಂಡಿಯಲ್ಲಿ ಮಲ ಹಾಕಿ, ತೋಡಿದ ಮಣ್ಣನ್ನೇ ಮೇಲೆ ಮುಚ್ಚುತ್ತಿದ್ದರು. ನೊಣ ಇರಲಿಲ್ಲ, ವಾಸನೆ ಇರಲಿಲ್ಲ, ತೋಟಕ್ಕೆ ಗೊಬ್ಬರ ಸಿಕ್ಕಿತು. ಒಂದು ಜಾತಿಯನ್ನೇ ಶತಮಾನಗಳ ಕಾಲ ಊರಾಚೆ ಇಟ್ಟ ಕೆಲಸ ಒಂದು ಗುದ್ದಲಿಯಿಂದ ಎಲ್ಲರ ಕೆಲಸವಾಯಿತು!

ಅಡುಗೆಮನೆ ಒಂದೇ ಇತ್ತು. ಮುಸ್ಲಿಮರೂ ಕ್ರೈಸ್ತರೂ ಬಯಸಿದರೆ ಮಾಂಸ ಒದಗಿಸಬೇಕಾದೀತೆಂದು ಗಾಂಧೀಜಿ ಯೋಚಿಸಿದ್ದರು. ಅವರು ತಾವಾಗಿಯೇ ಸಸ್ಯಾಹಾರಕ್ಕೆ ಒಪ್ಪಿದರು. ಒಪ್ಪಿಸಿದ್ದಲ್ಲ, ಒಪ್ಪಿದ್ದು, ಊಟದ ವಿಚಾರದಲ್ಲಿ ಜಗಳಗಳೇಳುವ ನಮ್ಮ ದಿನಗಳಲ್ಲಿ ಈ ವ್ಯತ್ಯಾಸವನ್ನು ಗಮನಿಸಬೇಕು. ರಮಝಾನ್ ಬಂದಾಗ ಮುಸ್ಲಿಂ ಹುಡುಗರ ಜೊತೆ ಹಿಂದೂ, ಪಾರ್ಸಿ ಹುಡುಗರೂ ಹಗಲು ಉಪವಾಸವಿದ್ದರು. ಸಂಜೆ ಗೆಳೆಯರ ಇಫ್ತಾರಿಗೆ ತಿಂಡಿ ಮಾಡಿ ಬಡಿಸಿದರು. ಒಟ್ಟಿಗೆ ನೀರು ಹೊತ್ತು, ಒಟ್ಟಿಗೆ ಪಾತ್ರೆ ತಿಕ್ಕಿದವರ ನಡುವೆ ಸೌಹಾರ್ದಕ್ಕೆ ಬೇರೆ ಸಮಾವೇಶ ಬೇಕಾಗಲಿಲ್ಲ.

ಈ ತೋಟದ ಮಿತಿಗಳನ್ನೂ ಹೇಳಬೇಕು. ಅದು ಆಫ್ರಿಕದ ನೆಲ. ಆ ನೆಲದ ಮೂಲಜನರಾದ ಕಪ್ಪು ಜನರು ಈ ಕಥೆಯಲ್ಲಿ ಕಾಣಿಸುವುದು ಅಪರೂಪ. ಗಾಂಧೀಜಿಯ ಆ ಕಾಲದ ಬರಹಗಳಲ್ಲಿ ಅವರ ಬಗ್ಗೆ ತಿರಸ್ಕಾರದ ಮಾತುಗಳೂ ಇವೆ. ಸತ್ಯಾಗ್ರಹಿಗಳ ಸಮಾನತೆ ಬಣ್ಣದ ಗೆರೆಯನ್ನು ಪೂರ್ತಿ ದಾಟಲಿಲ್ಲ. 1913ರ ಆರಂಭಕ್ಕೆ ತೋಟದ ಬಾಳುವೆಯೂ ಮುಗಿಯಿತು, ಗಾಂಧೀಜಿ ಫೀನಿಕ್ಸಿಗೆ ಹೋದರು. ಆದರೆ ಅದೇ ವರ್ಷ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಬಾಳಿದ್ದ ಮಹಿಳೆಯರು, ಹೆಚ್ಚಿನವರು ತಮಿಳರು, ನ್ಯೂಕ್ಯಾಸಲ್ಲಿಗೆ ಹೋಗಿ ಕಲ್ಲಿದ್ದಲು ಗಣಿಯ ಕಾರ್ಮಿಕರನ್ನು ಮುಷ್ಕರಕ್ಕೆ ಎಬ್ಬಿಸಿದರು. ತಲೆಯ ಮೇಲಿದ್ದ ಮೂರು ಪೌಂಡಿನ ತೆರಿಗೆ 1914ರಲ್ಲಿ ರದ್ದಾಯಿತು.

ಪಶ್ಚಿಮದ ದೇಶಗಳಲ್ಲಿಯೂ ಮನೆಗೆಲಸವನ್ನು ತಾವೇ ಮಾಡಿಕೊಳ್ಳುವ ಅಭ್ಯಾಸ ದೊಡ್ಡದಾಗಿ ಬೆಳೆದಿದೆ. ಅಲ್ಲಿನ ಕಾರಣ ಬೇರೆ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಕುಶಲ ಕೆಲಸಗಾರರ ಕೂಲಿ ಏರಿತು, ಸ್ವಂತ ಮನೆಗಳು ಹೆಚ್ಚಿದವು, ವಾರದ ರಜೆ ಸಿಕ್ಕಿತು. 1957ರಲ್ಲಿ 'ಡು ಇಟ್ ಯುವರ್‌ಸೆಲ್ಫ್' ಎಂಬ ಮಾಸಿಕವೇ ಅಲ್ಲಿ ಶುರುವಾಯಿತು. ಬಡಗಿಗೆ ತಕ್ಕ ಕೂಲಿ ಕೊಡಬೇಕಾಗಿ ಬಂದಾಗ ಗುಮಾಸ್ತನೂ ಗರಗಸ ಹಿಡಿದ. ನಮ್ಮಲ್ಲಿ ಕೂಲಿ ಅಗ್ಗವಾಗಿ ಉಳಿದದ್ದಕ್ಕೆ ಬಡತನದ ಜೊತೆಗೆ ಜಾತಿಯೂ ಕಾರಣ. ಅಗ್ಗದ ಕೈ ಬಾಗಿಲಲ್ಲೇ ಸಿಗುವಾಗ ತಮ್ಮ ಕೈ ಯಾರು ಕೆಸರು ಮಾಡಿಕೊಂಡಾರು?

ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಕೇಂದ್ರದ ಕಾಯ್ದೆ 1993ರಲ್ಲಿ ಬಂತು, 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಈ ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕಾಯ್ದೆ ಬದಲಾದರೂ 'ಅದು ಅವರ ಕೆಲಸ' ಎಂಬ ಮಾತು ನಮ್ಮ ನಾಲಿಗೆಯಿಂದ ಹೋಗಿಲ್ಲ.

ಮುಸ್ಲಿಂ ಸಮಾಜ ಇದಕ್ಕೆ ಹೊರತೆಂದು ಹೇಳಿಕೊಳ್ಳುವಂತಿಲ್ಲ. ಹತ್ತಿ ಹಿಂಜುವ ಪಿಂಜಾರ, ಪಾತ್ರೆಗೆ ಕಲಾಯಿ ಹಾಕುವವ, ಮಾಂಸ ಕಡಿಯುವ ಕಸಾಯಿ, ಬಟ್ಟೆ ಹೊಲಿಯುವ ದರ್ಜಿ, ಬೀಗ ರಿಪೇರಿ ಮಾಡುವವ ಇವರೆಲ್ಲ ನಮ್ಮವರೇ. ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು ಸಂಬಂಧ ಕೂಡಿಸುವಾಗ 'ಅವರ ಮನೆತನದ ಕೆಲಸವೇನು' ಎಂದು ಕೇಳುತ್ತಾರೆ. ಚಪ್ಪಲಿ ದುರಸ್ತಿ ಮಾಡಿದ ಪ್ರವಾದಿಯ (ಸ) ಸುನ್ನತ್ತನ್ನು ಗಡ್ಡದಲ್ಲಿ, ಉಡುಪಿನಲ್ಲಿ ಹುಡುಕುವ ನಾವು ಸೂಜಿ ದಾರದಲ್ಲಿ ಹುಡುಕುವುದು ಕಡಿಮೆ.

ಎಲ್ಲರೂ ತಮ್ಮ ಕೆಲಸ ತಾವೇ ಮಾಡಿಕೊಂಡರೆ ಕೂಲಿ ಮಾಡುವವರ ಹೊಟ್ಟೆಪಾಡೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಮನೆ ಕಟ್ಟಲು ಮೇಸ್ತ್ರಿ ಬೇಕು, ವಿದ್ಯುತ್ ತಂತಿ ಎಳೆಯಲು ಬಲ್ಲವರೇ ಬೇಕು. ಟಾಲ್‌ಸ್ಟಾಯ್ ಫಾರ್ಮಿನವರೂ ಮೇಸ್ತ್ರಿಯನ್ನು ಕರೆಸಿದರು, ಕೂಲಿ ಕೊಟ್ಟರು, ಅವನ ಜೊತೆ ತಾವೂ ದುಡಿದರು. ಒಂದು ದಿನ ಬಿಸಿಲಲ್ಲಿ ನಿಂತು ಗಾರೆ ಕಲಸಿದವನು ಸಂಜೆ ಮೇಸ್ತ್ರಿಯ ಕೂಲಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡಲಾರ. ತನ್ನ ಮೋರಿಯನ್ನು ತಾನೇ ಒಮ್ಮೆ ಬಿಡಿಸಿದವನು ಪೌರಕಾರ್ಮಿಕನಿಗೆ ದೂರದಿಂದ ನೀರು ಹೊಯ್ಯಲಾರ. ಭಾನುವಾರ ಒಂದು ಗಂಟೆ ಗುದ್ದಲಿ ಹಿಡಿದು ಗಿಡ ನೆಡುವುದು, ಹರಿದ ದಿಂಬಿಗೆ ಹೊಲಿಗೆ ಹಾಕುವುದು, ತನ್ನ ಕಕ್ಕಸನ್ನು ತಾನೇ ತೊಳೆಯುವುದು ಇವು ಶಾಲೆಯ ಪಾಠಗಳಲ್ಲಿ ಬರುವುದಿಲ್ಲ. ಮನೆಯಲ್ಲೇ ಕಲಿಸಬೇಕು, ಹೆಣ್ಣು ಗಂಡೆನ್ನದೆ ಎಲ್ಲ ಮಕ್ಕಳಿಗೂ ಕಲಿಸಬೇಕು. ಮೊದಲು ಕಲಿಯಬೇಕಾದವರು ನಾವು.