ಬಲ್ಮಠದ ಶಾಂತಿ ದೇವಾಲಯ: ಬಿಷಪರಿಲ್ಲದ ಸಭೆಯಿಂದ ಬಿಷಪರ ಪೀಠಕ್ಕೆ

ಮಂಗಳೂರಿನ ಬಲ್ಮಠದಲ್ಲಿರುವ ಶಾಂತಿ ದೇವಾಲಯವು ದಕ್ಷಿಣ ಭಾರತ ಸಭೆಯ ಕರ್ನಾಟಕ ದಕ್ಷಿಣ ಸಭಾಪ್ರಾಂತದ ಬಿಷಪರ ಪೀಠವಾಗಿದೆ. ಇದರಿಂದ ಇಲ್ಲಿಯ ಸಭೆಯು ಮೊದಲಿನಿಂದಲೂ ಬಿಷಪರ ಅಧೀನದಲ್ಲಿದ್ದಿತೆಂದು ಊಹಿಸುವುದು ಯುಕ್ತವಲ್ಲ.

1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಪಾದ್ರಿಗಳನ್ನು ಇಲ್ಲಿಗೆ ಕಳುಹಿಸಿದ ಬಾಸೆಲ್ ಮಿಷನ್ನಿನಲ್ಲಿ ಬಿಷಪರ ಪದವಿಯೇ ಇರಲಿಲ್ಲ. ಬಿಷಪರ ಸಂಪ್ರದಾಯಕ್ಕೆ ಸೇರಿದ್ದುದು ಇದೇ ಊರಿನಲ್ಲಿ ಇಂಗ್ಲಿಷರು ಕಟ್ಟಿದ ಸಂತ ಪೌಲರ ದೇವಾಲಯ.

ಆದಕಾರಣ ಬಲ್ಮಠದ ಹಿರಿಮೆಯನ್ನು ಪೀಠದಲ್ಲಲ್ಲ, ನುಡಿಯಲ್ಲಿ ಅರಸಬೇಕು. ಮಿಷನ್ನಿನ ಮುದ್ರಣಾಲಯವು 1841ರಲ್ಲಿ ಆರಂಭವಾಯಿತು. 1843ರ ಜುಲೈ 1ರಂದು ಮೋಗ್ಲಿಂಗನು ಕನ್ನಡದ ಮೊದಲ ವೃತ್ತಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, ಕಿಟ್ಟೆಲನ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. 1844ರಲ್ಲಿ ದೀಕ್ಷೆ ಪಡೆದ ಆನಂದರಾಯ ಕೌಂಡಿನ್ಯನು ಬಾಸೆಲಿನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾಗಿ ಮರಳಿದುದರಿಂದ, ಸಭೆಯ ನಾಯಕತ್ವವು ಪರದೇಶೀಯರಿಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲ. 1914ರ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ದೂರಾದಾಗ ಸಭೆಯ ಹೊರೆಯು ಈ ನಾಡಿನವರ ಮೇಲೆಯೇ ಬಿದ್ದಿತು.

ದಕ್ಷಿಣ ಭಾರತ ಸಭೆಯು 1947ರಲ್ಲಿ ರೂಪುಗೊಂಡಿತು. ಕರ್ನಾಟಕ ದಕ್ಷಿಣ ಸಭಾಪ್ರಾಂತವು 1970ರಲ್ಲಿ ಪ್ರತ್ಯೇಕವಾಯಿತು. ಹೀಗೆ ಪೀಠವು ಈಚಿನದು. ಬಲ್ಮಠಕ್ಕೂ ಕನ್ನಡಕ್ಕೂ ಇರುವ ನಂಟು ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿರಿದು. ಬಲ್ಮಠದ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಬೇರೆಬೇರೆಯಾಗಿ ಎಣಿಸತಕ್ಕದ್ದು.