ಕಾಳಯುಕ್ತಿ ಸಂವತ್ಸರದ ಜ್ವರ

೧೯೧೮ನೆಯ ಇಸವಿಯ ಸೆಪ್ಟೆಂಬರ್ ೨೩ರಂದು ಮೈಸೂರಿನ ಕುದುರೆಸವಾರರು ದೂರದ ಹೈಫಾ ಪಟ್ಟಣದ ಕಾಳಗದಲ್ಲಿ ಕಾದಿ ಗೆದ್ದರು. ಆ ಗೆಲವು ಚರಿತ್ರೆಗೆ ಸೇರಿತು. ಅದೇ ವಾರಗಳಲ್ಲಿ ಅವರ ನಾಡನ್ನು ಹೊಕ್ಕು ಮನೆಮನೆಗಳನ್ನು ಬರಿದುಮಾಡಿದ ಇನ್‌ಫ್ಲುಯೆಂಜಾ ಜ್ವರಕ್ಕೆ ನಮ್ಮ ಪಾಠಗಳಲ್ಲಿ ಒಂದು ವಾಕ್ಯದ ಸ್ಥಳವೂ ದೊರೆಯಲಿಲ್ಲ.

ಆ ವರ್ಷದ ಜೂನ್‌ನಲ್ಲಿ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡ ರೋಗವು ಮೊದಲು ಸೌಮ್ಯವಾಗಿದ್ದಿತು. ಸೆಪ್ಟೆಂಬರ್‌ನಲ್ಲಿ ಅದು ಮರಳಿದಾಗ ಅದರ ಸ್ವರೂಪವೇ ಬೇರೆ. ಧಾರವಾಡ, ಬೆಳಗಾವಿ, ವಿಜಾಪುರಗಳನ್ನೊಳಗೊಂಡ ಅಂದಿನ ಮುಂಬಯಿ ಪ್ರಾಂತವೊಂದರಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಮಡಿದರು. ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಎರಡು ಕೋಟಿಯವರೆಗೆ ಎಂದು ಅಂದಾಜು. ಇಂದಿನ ಭಾರತದ ಎಲ್ಲೆಯೊಳಗೆ ೧೯೧೧ರಲ್ಲಿ ೨೫.೨೧ ಕೋಟಿಯಿದ್ದ ಜನಸಂಖ್ಯೆ ೧೯೨೧ರಲ್ಲಿ ೨೫.೧೩ ಕೋಟಿಗೆ ಇಳಿಯಿತು. ಜನಗಣತಿಯಲ್ಲಿ ಹೀಗೆ ಇಳಿದ ದಶಕ ಆಮೇಲೆ ಇನ್ನೊಂದಿಲ್ಲ.

ಮುದುಕರನ್ನು ಒಯ್ಯುವ ಜ್ವರ ಇದಲ್ಲ. ಇಪ್ಪತ್ತರಿಂದ ನಲವತ್ತರ ಪ್ರಾಯದ ದುಡಿಯುವವರನ್ನೇ ಇದು ಆರಿಸಿಕೊಂಡಿತು. ಭಾರತದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿದ ವರ್ಷವದು. ಎಲ್ಲರಿಗಿಂತ ಕೊನೆಗೆ ಉಣ್ಣುವವಳೂ, ರೋಗಿಗಳ ಹಾಸಿಗೆಯ ಬಳಿ ರಾತ್ರಿಯಿಡೀ ಕುಳಿತಿರುವವಳೂ ಮನೆಯ ಹೆಂಗಸೇ ಅಲ್ಲವೆ?

ಎಣ್ಮಕಜೆಯು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಗ್ರಾಮ. ಮುಂಬಯಿಯಷ್ಟು ಘೋರವಾಗಿ ರೋಗವು ಮದರಾಸು ಪ್ರಾಂತವನ್ನು ಬಾಧಿಸಲಿಲ್ಲ. ಗುಡ್ಡಕ್ಕೊಂದು ಬೈಲಿಗೊಂದು ಎಂಬಂತೆ ದೂರದೂರ ಇರುವ ಮನೆಗಳೂ ನಮ್ಮವರನ್ನು ಸ್ವಲ್ಪ ಕಾಪಾಡಿರಬಹುದೆಂದು ನನ್ನ ಊಹೆ. ಆದರೆ ಲೆಕ್ಕ ತೆಗೆಯಹೊರಟವನಿಗೆ ಒಂದು ತೊಡಕುಂಟು. ಅಂದಿನ ಮರಣದ ದಾಖಲೆಗಳಲ್ಲಿ ವಾಂತಿಭೇದಿ, ಸಿಡುಬು, ಪ್ಲೇಗುಗಳಿಗೆ ಬೇರೆ ಬೇರೆ ಶೀರ್ಷಿಕೆಗಳಿದ್ದುವು. ಮಿಕ್ಕ ಬಹುಪಾಲು ಸಾವುಗಳೆಲ್ಲ 'ಜ್ವರ'. ಘಟ್ಟದ ಬುಡದ ಈ ಸೀಮೆಯಲ್ಲಿ ಚಳಿಜ್ವರವೆಂಬುದು ವರ್ಷವರ್ಷದ ಅತಿಥಿ. ಹೊಸ ಮಾರಿಯು ಹಳೆಯ ಹೆಸರಿನಲ್ಲಿ ಕರಗಿಹೋಯಿತು. ಆ ವರ್ಷ 'ಜ್ವರ'ದ ಸಂಖ್ಯೆ ವಾಡಿಕೆಗಿಂತ ಎಷ್ಟು ಏರಿತೆಂದು ನೋಡಿಯೇ ಸರಕಾರದವರೂ ಅಂದಾಜು ಕಟ್ಟಿದರು.

ವೈದ್ಯರಿಗಾದರೂ ಶತ್ರುವಿನ ಗುರುತು ಎಲ್ಲಿತ್ತು? ೧೮೯೨ರಲ್ಲಿ ಫೈಫರ್ ಎಂಬ ಜರ್ಮನ್ ಪಂಡಿತನು ತೋರಿಸಿದ ಬ್ಯಾಕ್ಟೀರಿಯವೇ ಕಾರಣವೆಂದು ಬಹುಮಂದಿ ನಂಬಿದ್ದರು. ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ಸು ಕೈಗೆ ಸಿಕ್ಕಿದ್ದು ೧೯೩೩ರಲ್ಲಿ. ೧೯೫೭ರ ಮೇ ತಿಂಗಳಲ್ಲಿ ಇನ್ನೊಂದು ಬಗೆಯ ಫ್ಲೂ ಜ್ವರ ಹಡಗನ್ನೇರಿ ಮದರಾಸಿಗೆ ಬಂದಿಳಿದಾಗ, ಕೂನೂರಿನ ಪಾಶ್ಚರ್ ಸಂಸ್ಥೆಯವರು ಆ ವೈರಸ್ಸನ್ನು ಬೇರ್ಪಡಿಸಿ ತೋರಿಸಿದರು. ಆಗ ದೇಶದಲ್ಲಿ ಲಕ್ಷಗಟ್ಟಲೆ ಜನ ಮಲಗಿದರೂ ಸಾವು ೧೯೧೮ರದಕ್ಕೆ ಹೋಲಿಸುವಂತಿರಲಿಲ್ಲ.

ಸರಕಾರದ ಪುಸ್ತಕ ಹೇಳದ್ದನ್ನು ನಮ್ಮ ಹಳೆಯ ಮನೆಗಳ ವಂಶಾವಳಿಗಳೂ ಪಂಚಾಂಗದ ಅಂಚಿನ ಬರಹಗಳೂ ಹೇಳಿಯಾವು. ಅಲ್ಲಿ ರೋಗದ ಹೆಸರು ಇರಲಿಕ್ಕಿಲ್ಲ. ಶ್ರಾದ್ಧದ ತಿಥಿ ಇದ್ದೀತು. ಕಾಳಯುಕ್ತಿ ಸಂವತ್ಸರದ ಕನ್ಯಾ, ತುಲಾ ಮಾಸಗಳಲ್ಲಿ ಎರಡು ಮೂರು ತಿಥಿಗಳು ಒತ್ತೊತ್ತಾಗಿ ಬಿದ್ದಿರುವ ಮನೆ ಯಾವುದಾದರೂ ಇದ್ದರೆ, ಆ ಮನೆಯ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಕುಳಿತಿರಬಹುದು. ಅವರಿಂದ ಆ ತಿಥಿಗಳನ್ನು ಬರೆಯಿಸಿ ತರಿಸಿಕೊಳ್ಳೋಣ.