ಲೆಕ್ಕದಲ್ಲಿ ಮಿಕ್ಕ ಒಂದು ಗಂಟೆ

1943ರ ಏಪ್ರಿಲ್ 1ರಂದು, ಈಗಿನ ಹಾವೇರಿ ಜಿಲ್ಲೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಮತ್ತು ಇಬ್ಬರು ಸಂಗಾತಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಅಲ್ಲಿಂದ ಸ್ವಾತಂತ್ರ್ಯ ಬಂದ ದಿನಕ್ಕೆ ಎಷ್ಟು ದಿನ?

ಲಿನಕ್ಸ್ ಟರ್ಮಿನಲ್‌ನಲ್ಲಿ ‘ಡೇಟ್’ ಎಂಬ ಕಮಾಂಡ್ ಇದೆ. ಯಾವ ತಾರೀಖು ಕೊಟ್ಟರೂ ಅದನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾಗಿ ಹೇಳುತ್ತದೆ. ಅದಕ್ಕೂ ಹಿಂದಿನ ದಿನವಾದರೆ ಮೈನಸ್ ಸಂಖ್ಯೆ ಬರುತ್ತದೆ. ಭಾರತದ ಕಾಲಮಾನ ಇಟ್ಟು, ಎರಡೂ ದಿನಗಳ ನಡುರಾತ್ರಿ ಹನ್ನೆರಡನ್ನು ಕೊಟ್ಟು ಕಳೆದರೆ ಉತ್ತರ 1597 ದಿನ, ಒಂದು ಗಂಟೆ.

ಆ ಒಂದು ಗಂಟೆ ಸ್ಕ್ರಿಪ್ಟಿನ ತಪ್ಪಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಲಾಗಿತ್ತು. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದದ್ದು ಆರೂವರೆ ಆಯಿತು. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರುಮಾಡಿದ ಕಾಲವಲಯಗಳ ದತ್ತಾಂಶದಲ್ಲಿ ಇದು ದಾಖಲಾಗಿದೆ. ‘ಡೇಟ್’ ಓದುವುದು ಅದನ್ನೇ.

ನಮ್ಮಂಥ ವರದಿಗಾರರಿಗೆ ಇದರಿಂದ ಏನು? ಏಪ್ರಿಲ್ ಆರಂಭದಲ್ಲಿ ಹಾವೇರಿ ಸೀಮೆಯಲ್ಲಿ ಸೂರ್ಯ ಹುಟ್ಟುವುದು ಇಂದಿನ ಲೆಕ್ಕದಲ್ಲಿ ಆರೂವರೆಗೆ ಸ್ವಲ್ಪ ಮೊದಲು. ಯುದ್ಧಕಾಲದ ಗಡಿಯಾರದಲ್ಲಿ ಆಗ ಏಳೂವರೆ ಸಮೀಪಿಸಿರುತ್ತಿತ್ತು. ಆ ದಿನಗಳ ಯಾವುದೋ ಹೇಳಿಕೆಯಲ್ಲಿ ‘ಬೆಳಿಗ್ಗೆ ಏಳು ಗಂಟೆ, ಮುಖ ಸರಿಯಾಗಿ ಕಾಣಲಿಲ್ಲ’ ಎಂದಿದ್ದರೆ, ಇಂದಿನ ಗಡಿಯಾರ ನೋಡಿ ಸಾಕ್ಷಿಯನ್ನು ಸುಳ್ಳುಗಾರ ಎನ್ನುವಂತಿಲ್ಲ. ಆಗ ಇನ್ನೂ ನಸುಗತ್ತಲೆ.

ಹಾಗಂತ ಯಂತ್ರವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಆ ದತ್ತಾಂಶದಲ್ಲಿ ಇಡೀ ದೇಶಕ್ಕೆ ಇರುವುದು ಕೋಲ್ಕತ್ತದ ಹೆಸರಿನ ಒಂದೇ ವಲಯ. ಆದರೆ 1906ರಲ್ಲಿ ಭಾರತೀಯ ಕಾಲಮಾನ ಬಂದ ಮೇಲೂ ಮುಂಬಯಿ ನಗರ ಅದಕ್ಕಿಂತ 39 ನಿಮಿಷ ಹಿಂದಿನ ತನ್ನ ಸಮಯವನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ಆ ಮುಂಬಯಿ ಸಮಯ ‘ಡೇಟ್’ಗೆ ಗೊತ್ತಿಲ್ಲ. ಹೊತ್ತು ನೋಡಿಯೇ ವೇಳೆ ಹೇಳುತ್ತಿದ್ದ ಹಳ್ಳಿಗರ ಲೆಕ್ಕವಂತೂ ಯಾವ ದತ್ತಾಂಶಕ್ಕೂ ಸಿಗದು.

ಆದ್ದರಿಂದ ಹಳೆಯ ದಾಖಲೆಯಲ್ಲಿ ಸಮಯ ಕಂಡಾಗ ಕಳೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಬರೆದವರು ನೋಡಿದ್ದು ಯಾವ ಗಡಿಯಾರ? ರೈಲ್ವೆ ನಿಲ್ದಾಣದ್ದೋ, ಪೊಲೀಸ್ ಠಾಣೆಯದ್ದೋ, ಆಕಾಶದ್ದೋ? ಅದು ತಿಳಿದ ಮೇಲಷ್ಟೇ ಕಮಾಂಡ್ ಕೊಡುವ ಉತ್ತರಕ್ಕೆ ಅರ್ಥ.